ಸತ್ವವಿಲ್ಲದ ಶಾವಿಗೆಯೂ ದುಡಿಯುವವನ ತಟ್ಟೆಯೂ

ದೊಡ್ಡ ಪಟ್ಟಣಗಳ ಅಂಗಡಿಗಳಲ್ಲಿ ಕೆಲವು ವರ್ಷಗಳಿಂದ ಒಂದು ಹೊಸ ಬಗೆಯ ಶಾವಿಗೆ ಮಾರಾಟಕ್ಕೆ ಬಂದಿದೆ. ನೀರು ತುಂಬಿದ ಪ್ಲಾಸ್ಟಿಕ್ ಪೊಟ್ಟಣ. ಒಳಗೆ ಗಾಜಿನಂತೆ ಹೊಳೆಯುವ ಬಿಳಿಯ ಎಳೆಗಳು. ಶಿರಾತಾಕಿ ಎಂದು ಅದರ ಹೆಸರು. ಅದರಲ್ಲಿ ಏನೇನು ಇಲ್ಲ ಎಂಬುದನ್ನೇ ಪೊಟ್ಟಣದ ಮೇಲೆ ದಪ್ಪಕ್ಷರದಲ್ಲಿ ಬರೆದಿರುತ್ತಾರೆ: ಸಕ್ಕರೆಯಿಲ್ಲ, ಕೊಬ್ಬಿಲ್ಲ, ಕ್ಯಾಲೊರಿಯಂತೂ ಇಲ್ಲವೆನ್ನುವಷ್ಟು ಕಡಿಮೆ. ಒಬ್ಬರ ಒಂದು ಹೊತ್ತಿಗೆ ಮುಗಿಯುವ ಇಂಥ ಪೊಟ್ಟಣಕ್ಕೆ ನೂರು ರೂಪಾಯಿಗೆ ಮೀರಿದ ಬೆಲೆ. ಇರುವ ವಸ್ತುವಿಗೆ ಬೆಲೆ ತೆರುವುದನ್ನು ನಾವು ಕಂಡಿದ್ದೇವೆ. ಇಲ್ಲದ ವಸ್ತುವಿಗೆ ಬೆಲೆ ತೆರುವ ಕಾಲವೂ ಬಂದಿತು.

ಕಾರ್ಮಿಕರ ಪತ್ರಿಕೆಗೆ ಈ ಅಡಿಗೆಮನೆಯ ಸುದ್ದಿ ಏತಕ್ಕೆ ಎಂದು ಕೆಲವರು ಕೇಳಬಹುದು. ಎರಡು ಕಾರಣಗಳಿವೆ. ಸಕ್ಕರೆ ಕಾಯಿಲೆ ಈಗ ಶ್ರೀಮಂತರ ಬಂಗಲೆ ಬಿಟ್ಟು ಗಿರಣಿಯ ವಠಾರಕ್ಕೂ ಬಂದಿದೆ. ಈ ಶಾವಿಗೆ ತಿನ್ನಬಹುದೇ, ತಿಂದರೆ ಗುಣ ಉಂಟೇ ಎಂದು ನಮ್ಮ ಮನೆಗಳಲ್ಲೇ ಪ್ರಶ್ನೆ ಎದ್ದಿದೆ. ಇದು ಒಂದು. ಇನ್ನೊಂದು, ಕ್ಯಾಲೊರಿ ಎಂಬ ಈ ಮಾತು ಒಂದು ಕಾಲಕ್ಕೆ ದುಡಿಯುವವನ ಕೂಲಿಯನ್ನು ಅಳೆಯುವ ಸೇರಾಗಿತ್ತು. ಇಂದು ಅದು ಹೊಟ್ಟೆ ತುಂಬಿದವನ ಹೆದರಿಕೆಯ ಮಾತಾಗಿದೆ. ಸೇರು ಯಾರ ಕೈಯಲ್ಲಿದೆ ಎಂಬುದನ್ನು ನೋಡದೆ ಕೂತರೆ ನಷ್ಟ ನಮಗೇ. ಆದ್ದರಿಂದ ಈ ಶಾವಿಗೆ ಯಾವ ನಾಡಿನದು, ಹೇಗೆ ಆಗುತ್ತದೆ, ಹೇಗೆ ಅಡಿಗೆ ಮಾಡಬೇಕು, ಯಾರು ತಿನ್ನಬೇಕು ಎಂಬುದನ್ನು ಮೊದಲು ನೋಡೋಣ. ಲೆಕ್ಕವನ್ನು ಆಮೇಲೆ ಮಾಡೋಣ.

ಗೆಡ್ಡೆಯಿಂದ ಎಳೆಗೆ

ಇದರ ತವರು ಜಪಾನ್. ಅಲ್ಲಿ ಕೊನ್ಯಾಕು ಎಂಬ ಗೆಡ್ಡೆ ಬೆಳೆಯುತ್ತಾರೆ. ನಮ್ಮ ಸುವರ್ಣಗೆಡ್ಡೆಯೂ ಅದೂ ಸಸ್ಯಶಾಸ್ತ್ರದಲ್ಲಿ ಒಂದೇ ಕುಲಕ್ಕೆ ಸೇರಿದವು, ಅಕ್ಕತಂಗಿಯರು ಎನ್ನಬಹುದು. ಸುವರ್ಣಗೆಡ್ಡೆಯಂತೆ ಇದೂ ಹಸಿಯಾಗಿ ಮುಟ್ಟಿದರೆ ತುರಿಸುತ್ತದೆ. ವಸಂತದಲ್ಲಿ ನೆಟ್ಟ ಗೆಡ್ಡೆಯನ್ನು ಚಳಿಗಾಲ ಬರುವ ಮುನ್ನ ಅಗೆದು, ಹಿಮ ತಗುಲದಂತೆ ಒಳಗಿಟ್ಟು ಕಾಪಾಡಿ, ಮರುವರ್ಷ ಮತ್ತೆ ನೆಡಬೇಕು. ಹೀಗೆ ಮೂರು ವರ್ಷ ಆರೈಕೆ ಮಾಡಿದ ಮೇಲೆ ಮಾರಾಟಕ್ಕೆ ತಕ್ಕ ಗೆಡ್ಡೆ ಸಿಗುತ್ತದೆ. ಈಗ ಜಪಾನಿನ ಬೆಳೆಯಲ್ಲಿ ಶೇಕಡ 90ಕ್ಕೂ ಹೆಚ್ಚು ಭಾಗ ಗುನ್ಮಾ ಎಂಬ ಒಂದೇ ಜಿಲ್ಲೆಯಿಂದ ಬರುತ್ತದೆ. ಅದು ಬೆಟ್ಟಗುಡ್ಡಗಳ ಸೀಮೆ.

ಗೆಡ್ಡೆಯನ್ನು ಬಿಲ್ಲೆಬಿಲ್ಲೆಯಾಗಿ ಕೊಯ್ದು ಒಣಗಿಸಿ ಕುಟ್ಟುತ್ತಾರೆ. ಕುಟ್ಟುವಾಗ ಹಗುರವಾದ ಪಿಷ್ಟ ಧೂಳಾಗಿ ಹಾರಿಹೋಗುತ್ತದೆ. ಭಾರವಾದ ಪುಡಿ ಕೆಳಗೆ ಉಳಿಯುತ್ತದೆ. ನಾವು ತೂರುವಾಗ ಹೊಟ್ಟನ್ನು ಗಾಳಿಗೆ ಬಿಟ್ಟು ಕಾಳನ್ನು ಇಟ್ಟುಕೊಳ್ಳುತ್ತೇವೆ. ಇಲ್ಲಿ ಮೈಗೆ ಹತ್ತುವ ಪಿಷ್ಟವನ್ನು ಗಾಳಿಗೆ ಬಿಟ್ಟು, ಮೈಗೆ ಹತ್ತದ ನಾರನ್ನು ಇಟ್ಟುಕೊಳ್ಳುತ್ತಾರೆ! ಆ ನಾರಿಗೆ ಗ್ಲೂಕೋಮನ್ನಾನ್ ಎಂದು ಹೆಸರು. ನೀರಿಗೆ ಬಿದ್ದರೆ ಅದು ಬಹಳವಾಗಿ ಉಬ್ಬುತ್ತದೆ. ಉಬ್ಬಿದ ಅಂಬಲಿಗೆ ಸುಣ್ಣದ ನೀರು ಬೆರೆಸಿದರೆ ಗಟ್ಟಿಯಾಗಿ ಹೆಪ್ಪುಗಟ್ಟುತ್ತದೆ. ಹಿಂದಿನ ಕಾಲದಲ್ಲಿ ಬೂದಿಯ ತಿಳಿಯನ್ನೂ ಬಳಸುತ್ತಿದ್ದರು. ಅಚ್ಚಿನಲ್ಲಿ ಹಾಕಿದರೆ ಗಟ್ಟಿ ಬಿಲ್ಲೆ. ಸಣ್ಣ ತೂತುಗಳಿಂದ ಬಿಸಿನೀರಿಗೆ ಒತ್ತಿದರೆ ಶಾವಿಗೆ. ಶಿರಾತಾಕಿ ಎಂದರೆ ಬಿಳಿಯ ಜಲಪಾತ ಎಂದು ಅರ್ಥ. ಒತ್ತುವಾಗ ಎಳೆಗಳು ಹಾಗೆ ಇಳಿಯುತ್ತವೆ.

ಸಿದ್ಧವಾದ ಪದಾರ್ಥದ ನೂರರಲ್ಲಿ 97 ಭಾಗದಷ್ಟು ಬರಿಯ ನೀರು. ಮಿಕ್ಕದ್ದು ಬಹುಪಾಲು ಆ ನಾರು. ನಮ್ಮ ಜೀರ್ಣರಸಗಳು ಈ ನಾರನ್ನು ಒಡೆಯಲಾರವು. ಕೆಳಗಿನ ಕರುಳಿನಲ್ಲಿರುವ ಸೂಕ್ಷ್ಮಜೀವಿಗಳು ಸ್ವಲ್ಪಮಟ್ಟಿಗೆ ಒಡೆಯುತ್ತವೆ ಅಷ್ಟೆ. ಅದಕ್ಕೇ 100 ಗ್ರಾಂ ಶಿರಾತಾಕಿಯಲ್ಲಿ ಸಿಗುವುದು ಐದರಿಂದ ಹತ್ತು ಕ್ಯಾಲೊರಿ ಮಾತ್ರ. 100 ಗ್ರಾಂ ಅಕ್ಕಿಯಲ್ಲಿ ಸುಮಾರು 350. ಈ ಎರಡು ಅಂಕಿಗಳನ್ನು ಓದುಗರು ನೆನಪಿನಲ್ಲಿಡಬೇಕು.

ಬಡವರ ಬೆಟ್ಟದಿಂದ ಯುದ್ಧದ ಕಾರ್ಖಾನೆಗೆ

ಈ ಗೆಡ್ಡೆ ಸುಮಾರು ಆರನೆಯ ಶತಮಾನದಲ್ಲಿ ಹೊರನಾಡಿನಿಂದ ಔಷಧಿಯಾಗಿ ಜಪಾನಿಗೆ ಬಂದಿತೆಂದು ಹೇಳುತ್ತಾರೆ. ಹೊಟ್ಟೆಯೊಳಗಿನ ಮರಳನ್ನು ತೊಳೆಯುವ ಪದಾರ್ಥ ಎಂದು ಅಲ್ಲಿಯ ಹಳೆಯ ಜನ ನಂಬಿದ್ದರು. ಹಸಿಗೆಡ್ಡೆ ಬೇಗ ಕೆಡುತ್ತಿದ್ದುದರಿಂದ ಅದರ ವ್ಯಾಪಾರ ದೂರ ಹೋಗುವಂತಿರಲಿಲ್ಲ. ಮಿತೋ ಸಂಸ್ಥಾನದ ನಾಕಾಜಿಮಾ ತೋಎಮೋನ್ ಎಂಬ ರೈತ 1776ರ ಸುಮಾರಿಗೆ ಅದನ್ನು ಒಣಗಿಸಿ ಪುಡಿ ಮಾಡುವ ಬಗೆ ಕಂಡುಹಿಡಿದ. ಪುಡಿ ಹಗುರ, ಕೆಡುವುದಿಲ್ಲ, ಹೊರೆ ಕಟ್ಟಿ ಎಲ್ಲಿಗಾದರೂ ಸಾಗಿಸಬಹುದು. ಬೆಟ್ಟದ ಬಡ ಹಳ್ಳಿಗಳಿಗೆ ಅದರಿಂದ ನಾಲ್ಕು ಕಾಸಿನ ದಾರಿ ಆಯಿತು. ಕಾಸು ಕಂಡ ಕೂಡಲೇ ಸಂಸ್ಥಾನವೂ ಬಂದಿತು. ಆ ವ್ಯಾಪಾರವನ್ನು ತನ್ನ ಹತೋಟಿಗೆ ತೆಗೆದುಕೊಂಡಿತು. ರೈತ ಕಂಡುಹಿಡಿಯುವುದು, ಒಡೆಯ ವಶಪಡಿಸಿಕೊಳ್ಳುವುದು ಯಾವ ದೇಶದಲ್ಲೂ ಹೊಸ ಕಥೆಯಲ್ಲ. 1846ರ ಹೊತ್ತಿಗೆ ಈ ಒಂದೇ ಪದಾರ್ಥದ ನೂರು ಬಗೆಯ ಅಡಿಗೆಗಳನ್ನು ಹೇಳುವ ಪುಸ್ತಕವೇ ಅಲ್ಲಿ ಪ್ರಕಟವಾಗಿತ್ತು.

ಇನ್ನೊಂದು ಸಂಗತಿಯನ್ನು ನಮ್ಮ ಗಿರಣಿ ಬಂಧುಗಳು ತಿಳಿದಿರಬೇಕು. ಎರಡನೆಯ ಮಹಾಯುದ್ಧದ ಕೊನೆಯಲ್ಲಿ ಜಪಾನಿನ ಸೈನ್ಯ ಕಾಗದದ ಬೆಲೂನುಗಳಿಗೆ ಬಾಂಬು ಕಟ್ಟಿ, ಶಾಂತಸಾಗರದ ಮೇಲಿನ ಗಾಳಿಗೆ ಬಿಟ್ಟು, ಅಮೆರಿಕಾಕ್ಕೆ ಕಳಿಸುವ ಹಂಚಿಕೆ ಹೂಡಿತು. 1944ರ ನವೆಂಬರಿನಿಂದ 1945ರ ಏಪ್ರಿಲ್‌ವರೆಗೆ ಇಂಥ ಒಂಬತ್ತು ಸಾವಿರಕ್ಕೂ ಹೆಚ್ಚು ಬೆಲೂನುಗಳನ್ನು ಹಾರಿಸಿದರು. ಕಾಗದದ ಪದರಗಳನ್ನು ಅಂಟಿಸಲು ಬಳಸಿದ್ದು ಈ ಕೊನ್ಯಾಕು ಪುಡಿಯ ಅಂಟನ್ನು. ಅಂಟಿಸುವ ಕೆಲಸಕ್ಕೆ ಹಚ್ಚಿದ್ದು ಶಾಲೆಯ ಹುಡುಗಿಯರನ್ನು. ಊರಿನ ತಟ್ಟೆಗಳಿಂದ ಕೊನ್ಯಾಕು ಮಾಯವಾಯಿತು. ಹಸಿದ ಕೆಲಸಗಾರರು ಆ ಅಂಟನ್ನೇ ಕದ್ದು ತಿನ್ನುತ್ತಿದ್ದರೆಂದು ಈ ಬೆಲೂನುಗಳ ಚರಿತ್ರೆ ಬರೆದವರು ಹೇಳಿದ್ದಾರೆ. 1945ರ ಮೇ 5ರಂದು ಆರೆಗಾನ್ ಪ್ರಾಂತದ ಬ್ಲೈ ಎಂಬ ಊರಿನ ಬಳಿ ಒಂದು ಬಾಂಬು ಸಿಡಿದು ಒಬ್ಬ ಗರ್ಭಿಣಿಯೂ ಐದು ಮಕ್ಕಳೂ ಸತ್ತರು. ಇತ್ತ ಹುಡುಗಿಯರ ಕೈ, ಅತ್ತ ಮಕ್ಕಳ ಪ್ರಾಣ. ನಡುವೆ ಹಸಿದವರು ತಿನ್ನಲು ಹವಣಿಸಿದ, ತಿಂದರೂ ಮೈಗೆ ಹತ್ತದ ಅಂಟು. ಯುದ್ಧ ಹೂಡಿದ ಪ್ರಭುಗಳು ಈ ಮೂರರಲ್ಲಿ ಎಲ್ಲಿಯೂ ಇರಲಿಲ್ಲ.

ಜೊತೆಗಾರ, ಬದಲಿಯಲ್ಲ

ಈಗ ಅಡಿಗೆಗೆ ಬರೋಣ. ಜಪಾನಿನ ಮನೆಗಳಲ್ಲಿ ಶಿರಾತಾಕಿಯನ್ನು ಬಳಸುವ ರೀತಿಯಲ್ಲೇ ಪಾಠವಿದೆ. ಸುಕಿಯಾಕಿ ಎಂಬ ಅಡಿಗೆಯಲ್ಲಿ ಮಾಂಸ, ಈರುಳ್ಳಿಯ ಜಾತಿಯ ಸೊಪ್ಪು, ಸೋಯಾ ಹಾಲಿನ ಗಟ್ಟಿ, ಇವುಗಳ ನಡುವೆ ಒಂದು ಹಿಡಿ ಶಿರಾತಾಕಿ ಹಾಕುತ್ತಾರೆ. ಆಲೂಗೆಡ್ಡೆಯೂ ಮಾಂಸವೂ ಬೇಯುವ ನಿಕುಜಾಗಾ ಎಂಬ ಸಾಮಾನ್ಯರ ಅಡಿಗೆಯಲ್ಲೂ ಹಾಗೆಯೇ. ಪಕ್ಕದಲ್ಲಿ ಅನ್ನದ ಬಟ್ಟಲು ಇರುತ್ತದೆ. ಅಂದರೆ ತವರಿನಲ್ಲಿ ಇದು ಊಟಕ್ಕೆ ಜೊತೆಗಾರ. ಸತ್ವವುಳ್ಳ ಪದಾರ್ಥಗಳ ರಸ ಹಿಡಿದುಕೊಂಡು ಹೊಟ್ಟೆಗೆ ಗಾತ್ರ ಕೊಡುತ್ತದೆ, ಹಲ್ಲಿಗೆ ಅಗಿಯುವ ಸುಖ ಕೊಡುತ್ತದೆ. ಅನ್ನದ ಬದಲಿಗೆ ಇದನ್ನೇ ತಿನ್ನಿ ಎಂದು ಅಲ್ಲಿಯ ಅಜ್ಜಿಯರು ಹೇಳಲಿಲ್ಲ; ಹೇಳಿದವರು ಪೊಟ್ಟಣದ ವ್ಯಾಪಾರಿಗಳು.

ಸಕ್ಕರೆ ಕಾಯಿಲೆಯವರು ಮನೆಯಲ್ಲಿದ್ದು, ಯಾರೋ ನೆಂಟರು ಪಟ್ಟಣದಿಂದ ಪೊಟ್ಟಣ ತಂದುಕೊಟ್ಟಿದ್ದರೆ ಅದನ್ನು ಎಸೆಯಬೇಕಾಗಿಲ್ಲ. ಬಿಚ್ಚಿದ ಕೂಡಲೇ ಮೀನಿನಂಥ ಒಂದು ವಾಸನೆ ಬರುತ್ತದೆ. ಕೆಟ್ಟಿದೆ ಎಂದು ಗಾಬರಿಯಾಗಬಾರದು. ಒಳಗಿನ ನೀರನ್ನು ಚೆಲ್ಲಿ, ತಣ್ಣೀರಿನಲ್ಲಿ ಎರಡು ಮೂರು ಸಲ ಚೆನ್ನಾಗಿ ತೊಳೆಯಬೇಕು. ಕುದಿಯುವ ನೀರಿನಲ್ಲಿ ಎರಡು ಮೂರು ನಿಮಿಷ ಬೇಯಿಸಿ ಬಸಿಯಬೇಕು. ಆಮೇಲೆ ಎಣ್ಣೆ ಹಾಕದ ಬಾಣಲೆಯಲ್ಲಿ ಹದವಾದ ಉರಿಯಲ್ಲಿ, ನೀರಿನ ಪಸೆ ಆರುವ ತನಕ ಆಡಿಸಬೇಕು. ಈ ಕೊನೆಯ ಕೆಲಸವನ್ನು ಬಿಟ್ಟರೆ ಎಳೆಗಳು ನೀರುನೀರಾಗಿಯೇ ಉಳಿದು ಉಪ್ಪುಕಾರ ಹಿಡಿಯುವುದಿಲ್ಲ. ಸ್ವಂತ ರುಚಿ ಎಂಬುದು ಇದಕ್ಕಿಲ್ಲ. ಆದ್ದರಿಂದ ಒಗ್ಗರಣೆ ಚುರುಕಾಗಿರಬೇಕು: ಸಾಸಿವೆ, ಕರಿಬೇವು, ಹಸಿಮೆಣಸಿನಕಾಯಿ, ಶುಂಠಿ, ಕೊನೆಗೆ ನಿಂಬೆಹುಳಿ. ಉದ್ದನೆಯ ಎಳೆಗಳನ್ನು ಕತ್ತರಿಸಿಕೊಂಡರೆ ಮುದುಕರಿಗೆ ನುಂಗಲು ಸುಲಭ.

ಆದರೆ ಇದನ್ನು ಬರಿದಾಗಿ ಬಡಿಸಬಾರದು. ಮೊಳಕೆ ಹೆಸರುಕಾಳು, ಹುರಿದ ಕಡಲೆಕಾಯಿ ಬೀಜ, ಹುರುಳಿಕಾಯಿ, ಸೊಪ್ಪು, ತಿನ್ನುವವರಾದರೆ ಮೊಟ್ಟೆ, ಇವುಗಳಲ್ಲಿ ಎರಡು ಮೂರಾದರೂ ಸೇರಬೇಕು. ಅರ್ಧಪಾಲು ರಾಗಿಶಾವಿಗೆ, ಅರ್ಧಪಾಲು ಇದು ಎಂದು ಬೆರೆಸಿದರೂ ಆಗುತ್ತದೆ. ಹಿಟ್ಟಿನ ಅಂಶ ಕಡಿಮೆಯಾದೀತು, ಹೊಟ್ಟೆಯೂ ಬರಿದಾಗದು. ಇಷ್ಟು ಮಾಡಿದರೆ ಪಥ್ಯದವರಿಗೆ ಅದು ಒಂದು ಒಳ್ಳೆಯ ತಿಂಡಿಯೇ. ಗ್ಲೂಕೋಮನ್ನಾನಿಗೆ ಔಷಧಿಯ ಗುಣವಿಲ್ಲವೆಂದು ನಾವು ಹೇಳುವುದಿಲ್ಲ. ಊಟದ ಹಿಡಿತದ ಜೊತೆಗೆ ದಿನಕ್ಕೆ ಮೂರು ಗ್ರಾಂ, ಮೂರು ಭಾಗ ಮಾಡಿ ನೀರಿನೊಂದಿಗೆ ತೆಗೆದುಕೊಂಡರೆ ಮೈಭಾರ ಇಳಿಯಲು ನೆರವಾಗುತ್ತದೆ ಎಂದು ಹೇಳಿಕೊಳ್ಳಲು ಯೂರೋಪಿನ ಒಕ್ಕೂಟ 2012ರಲ್ಲಿ ಅನುಮತಿ ಕೊಟ್ಟಿದೆ.

ಎರಡು ಎಚ್ಚರಿಕೆಗಳು. ಈ ಪುಡಿಯನ್ನಾಗಲಿ ಮಾತ್ರೆಯನ್ನಾಗಲಿ ಸಾಕಷ್ಟು ನೀರಿಲ್ಲದೆ ನುಂಗಿದರೆ ಗಂಟಲಿನಲ್ಲೇ ಉಬ್ಬಿ ಉಸಿರು ಕಟ್ಟುವ ಅಪಾಯವಿದೆ. ಕೊನ್ಯಾಕಿನಿಂದ ಮಾಡಿದ ಸಣ್ಣ ಬಟ್ಟಲಿನ ಜೆಲ್ಲಿ ಮಿಠಾಯಿ ಗಂಟಲಿಗೆ ಸಿಕ್ಕಿ ಜಪಾನಿನಲ್ಲೂ ಬೇರೆ ದೇಶಗಳಲ್ಲೂ ಮಕ್ಕಳು, ಮುದುಕರು ಪ್ರಾಣ ಬಿಟ್ಟಿದ್ದಾರೆ. ಯೂರೋಪಿನಲ್ಲಿ ಆ ಮಿಠಾಯಿಯನ್ನು ನಿಷೇಧಿಸಿದ್ದೂ ಅದಕ್ಕೇ. ಎರಡನೆಯದು, ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಒಮ್ಮೆಲೇ ಅನ್ನ ಮುದ್ದೆ ಬಿಟ್ಟು ಇದಕ್ಕೆ ತಿರುಗಿದರೆ ರಕ್ತದ ಸಕ್ಕರೆ ತೀರ ಇಳಿದು ಕೆಲಸದ ನಡುವೆ ತಲೆಸುತ್ತು ಬಂದೀತು. ಯಂತ್ರದ ಮುಂದೆ ನಿಂತವನಿಗೆ ತಲೆಸುತ್ತು ಎಂದರೆ ಏನೆಂದು ನಾವು ಹೇಳಬೇಕಾಗಿಲ್ಲ. ವೈದ್ಯರನ್ನು ಕೇಳಿಯೇ ಊಟ ಬದಲಿಸಬೇಕು.

ಕ್ಯಾಲೊರಿ ಯಾರ ಸೇರು?

ಇನ್ನು ಲೆಕ್ಕ. ಆಹಾರದ ಶಕ್ತಿಯನ್ನು ಕ್ಯಾಲೊರಿಯಲ್ಲಿ ಅಳೆದು ಕೋಷ್ಟಕ ಮಾಡಿದವರಲ್ಲಿ ಅಮೆರಿಕಾದ ವಿಲ್ಬರ್ ಆಟ್‌ವಾಟರ್ ಎಂಬ ವಿಜ್ಞಾನಿ ಮುಖ್ಯ. 1890ರ ದಶಕದಲ್ಲಿ ಆತ ಮನುಷ್ಯನನ್ನು ಒಂದು ಮುಚ್ಚಿದ ಕೋಣೆಯಲ್ಲಿರಿಸಿ, ತಿಂದದ್ದು ಎಷ್ಟು, ವ್ಯಯವಾದದ್ದು ಎಷ್ಟು ಎಂದು ಅಳೆದ. ದುಡಿಯುವವನಿಗೆ ಎಷ್ಟು ಬೇಕು ಎಂಬುದು ಅಂದಿನ ಪ್ರಶ್ನೆಗಳಲ್ಲಿ ಒಂದಾಗಿತ್ತು. ಕಾಲು ಶತಮಾನ ಕಳೆಯುವಷ್ಟರಲ್ಲಿ, 1918ರಲ್ಲಿ, ಅದೇ ದೇಶದಲ್ಲಿ ಲುಲು ಹಂಟ್ ಪೀಟರ್ಸ್ ಎಂಬ ವೈದ್ಯೆ ಮೈಯಿಳಿಸುವವರಿಗಾಗಿ ಕ್ಯಾಲೊರಿ ಎಣಿಸುವ ಪುಸ್ತಕ ಬರೆದರು. ಅದು ಬಹಳವಾಗಿ ಮಾರಾಟವಾಯಿತು. ಹೀಗೆ ಒಂದೇ ಅಳತೆ ಎರಡು ದಾರಿ ಹಿಡಿಯಿತು.

ನಮ್ಮ ದೇಶದಲ್ಲಿ ಅದು ಮೊದಲ ದಾರಿಯಲ್ಲೇ ಬಂದಿತು. ಕೂನೂರಿನ ಆಹಾರ ಸಂಶೋಧನಾಲಯದ ನಿರ್ದೇಶಕರಾಗಿದ್ದ ಡಾಕ್ಟರ್ ಆಯ್ಕ್ರಾಯ್ಡ್ ಅವರು ನಮ್ಮ ಧಾನ್ಯ ಕಾಳುಗಳ ಸತ್ವವನ್ನು ಅಳೆಸಿದರು. 1957ರ ಜುಲೈನಲ್ಲಿ ಸೇರಿದ ಹದಿನೈದನೆಯ ಭಾರತ ಕಾರ್ಮಿಕ ಸಮ್ಮೇಳನ ಅವರ ಅಂಕಿಯನ್ನೇ ಹಿಡಿದು ಕನಿಷ್ಠ ಕೂಲಿಗೆ ಸೂತ್ರ ಹಾಕಿತು. ದುಡಿಯುವ ಒಬ್ಬನ ಸಂಸಾರಕ್ಕೆ ಮೂರು ಉಣ್ಣುವ ಘಟಕಗಳು, ಘಟಕಕ್ಕೆ ದಿನಕ್ಕೆ 2,700 ಕ್ಯಾಲೊರಿ, ನಾಲ್ವರ ಕುಟುಂಬಕ್ಕೆ ವರ್ಷಕ್ಕೆ 72 ಗಜ ಬಟ್ಟೆ, ಮನೆಬಾಡಿಗೆ, ಇವಲ್ಲದೆ ಸೌದೆ, ದೀಪ ಮುಂತಾದ್ದಕ್ಕೆ ಶೇಕಡ 20. ಸರ್ವೋಚ್ಚ ನ್ಯಾಯಾಲಯ 1991ರಲ್ಲಿ ಇದರ ಮೇಲೆ ಮಕ್ಕಳ ಓದು, ವೈದ್ಯ, ಮುಪ್ಪು ಮೊದಲಾದ್ದಕ್ಕೆ ಇನ್ನೂ ಶೇಕಡ 25 ಸೇರಬೇಕೆಂದಿತು. ಕೂಲಿ ಯಾರ ದಯೆಯೂ ಅಲ್ಲ, ಹೊಟ್ಟೆಯ ಲೆಕ್ಕದಿಂದ ಬರುವ ಹಕ್ಕು ಎಂಬ ಮಾತಿಗೆ ಈ ಸೂತ್ರವೇ ಆಧಾರ.

ಇದೇ ಲೆಕ್ಕದ ಜಗಳ ಲೋಕಸಭೆಯಲ್ಲೂ ಆಯಿತು. 1963ರಲ್ಲಿ ಡಾಕ್ಟರ್ ರಾಮಮನೋಹರ ಲೋಹಿಯಾ ಅವರು, ಈ ದೇಶದ 27 ಕೋಟಿ ಜನ ದಿನಕ್ಕೆ ಮೂರಾಣೆಯಲ್ಲಿ ಬದುಕುತ್ತಿದ್ದಾರೆ ಎಂದರು. ಸರ್ಕಾರದ ಕಡೆಯವರು ಹದಿನೈದಾಣೆ ಎಂದರು. ಎಷ್ಟು ಆಣೆ ಎಂಬ ಆ ಚರ್ಚೆ ಅಂಕಿಯ ಚಪಲವಾಗಿರಲಿಲ್ಲ. ಬಡವನ ತಟ್ಟೆಯಲ್ಲಿ ಏನಿದೆ ಎಂದು ದೇಶದ ಸಭೆ ಬಗ್ಗಿ ನೋಡುವಂತೆ ಅದು ಮಾಡಿತು.

ಈಗ ಇವತ್ತಿಗೆ ಬನ್ನಿ. 2019ರಲ್ಲಿ ಕೇಂದ್ರ ಸರ್ಕಾರದ ತಜ್ಞರ ಸಮಿತಿಯೊಂದು ಕನಿಷ್ಠ ಕೂಲಿಗೆ ಹೊಸ ಲೆಕ್ಕ ಕೊಟ್ಟಿತು: ಘಟಕಕ್ಕೆ 2,400 ಕ್ಯಾಲೊರಿ, 50 ಗ್ರಾಂ ಪ್ರೋಟೀನು, 30 ಗ್ರಾಂ ಕೊಬ್ಬು. ಸಂಸಾರದ ಮೂರು ಘಟಕವನ್ನು 3.6 ಎಂದು ಮಾಡಿತು. ನ್ಯಾಯವಾಗಿ ಹೇಳಬೇಕೆಂದರೆ, ಪ್ರೋಟೀನನ್ನು ಸೇರಿಸಿದ್ದು ಒಳ್ಳೆಯದು. ಘಟಕಗಳನ್ನು ಹೆಚ್ಚಿಸಿದ್ದೂ ಒಳ್ಳೆಯದು. ಆದರೆ ಪ್ರತಿ ಬಾಯಿಯಿಂದ 300 ಕ್ಯಾಲೊರಿ ಕಳೆದದ್ದು ಏಕೆ? ಈಗ ಮೈಮುರಿಯುವ ಕೆಲಸ ಕಡಿಮೆಯಾಗಿದೆ ಎಂಬುದು ವಾದ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಕೊಟ್ಟ ಅಂಕಿಗಳನ್ನೇ ನೋಡಿ. 65 ಕಿಲೋ ತೂಕದ ಗಂಡಸಿಗೆ ಕೂತು ಮಾಡುವ ಕೆಲಸಕ್ಕೆ 2,110, ಮಧ್ಯಮ ಶ್ರಮಕ್ಕೆ 2,710, ಭಾರೀ ಶ್ರಮಕ್ಕೆ 3,470 ಕ್ಯಾಲೊರಿ. 55 ಕಿಲೋ ತೂಕದ ಹೆಂಗಸಿಗೆ ಕ್ರಮವಾಗಿ 1,660, 2,130, 2,720. ಮೂಟೆ ಹೊರುವ ಹಮಾಲಿಯೂ, ಎಂಟು ಗಂಟೆ ನಿಂತೇ ನೂಲು ನೋಡುವ ಹೆಂಗಸೂ ಕೂತು ಕೆಲಸ ಮಾಡುವವರೇ? 2019ರ ವೇತನ ಸಂಹಿತೆಯ ಕೆಳಗೆ ಹೊರಡಿಸಿದ ಕರಡು ನಿಯಮಗಳಲ್ಲಿ 2,700 ಉಳಿದುಕೊಂಡಿತ್ತು. ಅದು ಉಳಿದದ್ದನ್ನು ಕಂಡು ನಿದ್ದೆ ಹೋಗುವಂತಿಲ್ಲ. ಒಮ್ಮೆ ಇಳಿಸಬಹುದೆಂದು ಬರೆದ ಅಂಕಿಯನ್ನು ಇನ್ನೊಮ್ಮೆ ಇಳಿಸಲು ಕೈ ಬರುತ್ತದೆ.

ಲೆಕ್ಕ ಕಷ್ಟದ್ದಲ್ಲ, ಮನೆಯ ಮಕ್ಕಳಿಂದಲೇ ಮಾಡಿಸಬಹುದು. 3.6 ಘಟಕಕ್ಕೆ ತಲಾ 300 ಎಂದರೆ ದಿನಕ್ಕೆ 1,080 ಕ್ಯಾಲೊರಿ. ಅಕ್ಕಿಯ ಲೆಕ್ಕದಲ್ಲಿ ಅದು 300 ಗ್ರಾಂ ಮೀರುತ್ತದೆ. ತಿಂಗಳಿಗೆ ಒಂಬತ್ತು ಕಿಲೋಗೂ ಹೆಚ್ಚು. ಕಾಗದದ ಮೇಲೆ ಒಂದು ಅಂಕಿ ತಿದ್ದಿದರೆ ಒಂದು ಸಂಸಾರದ ಮಡಕೆಯಿಂದ ತಿಂಗಳಿಗೆ ಒಂಬತ್ತು ಕಿಲೋ ಅಕ್ಕಿ ಹೋಗುತ್ತದೆ ಎಂದಾಯಿತು. ಇನ್ನೊಂದು ಲೆಕ್ಕ. ಶಿರಾತಾಕಿ ತಿಂದೇ 2,700 ಕ್ಯಾಲೊರಿ ಪಡೆಯುತ್ತೇನೆಂದು ಒಬ್ಬ ಕಾರ್ಮಿಕ ಹಟ ಹಿಡಿದರೆ, ನೂರು ಗ್ರಾಮಿಗೆ ಹತ್ತು ಎಂದು ಧಾರಾಳವಾಗಿ ಹಿಡಿದರೂ, ದಿನಕ್ಕೆ 27 ಕಿಲೋ ತಿನ್ನಬೇಕು. ಆನೆಯ ಹೊಟ್ಟೆ ಬೇಕು, ಕುಬೇರನ ಚೀಲ ಬೇಕು.

ಒಂದೇ ಬೀದಿಯಲ್ಲಿ ಎರಡು ರೋಗ

ಹಾಗಾದರೆ ಕ್ಯಾಲೊರಿ ಹೆಚ್ಚಾದ ರೋಗವೇ ನಮ್ಮಲ್ಲಿ ಇಲ್ಲವೇ? ಉಂಟು. ಭಾರತ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆ, ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಸಕ್ಕರೆ ಕಾಯಿಲೆ ಇದೆ ಎಂದಿತು. ಅದಕ್ಕೂ ಮುಂಚೆ, 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇಕಡ 35ಕ್ಕೂ ಹೆಚ್ಚು ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿರಲಿಲ್ಲ. ಹೆಂಗಸರಲ್ಲಿ ಶೇಕಡ 18ಕ್ಕೂ ಹೆಚ್ಚು ಮಂದಿ ತೀರ ಬಡಕಲು. ಶೇಕಡ 24 ಮಂದಿಗೆ ಮಿತಿಮೀರಿದ ಮೈಭಾರ. ಹಲ್ಲಿದ್ದವನಿಗೆ ಕಡಲೆಯಿಲ್ಲ, ಕಡಲೆಯಿದ್ದವನಿಗೆ ಹಲ್ಲಿಲ್ಲ ಎಂಬ ಗಾದೆ ಈಗ ಒಂದೇ ಬೀದಿಗೆ, ಕೆಲವೊಮ್ಮೆ ಒಂದೇ ಮನೆಗೆ ಅನ್ವಯಿಸುತ್ತದೆ. ತಂದೆಗೆ ಸಕ್ಕರೆ, ಮಗಳಿಗೆ ರಕ್ತಹೀನತೆ.

ಬಡವನಿಗೆ ಸಕ್ಕರೆ ಕಾಯಿಲೆ ಬಂದದ್ದು ತುಪ್ಪ ತಿಂದಲ್ಲ. ಅಗ್ಗವಾಗಿ ಸಿಕ್ಕ ಬಿಳಿಯ ಅಕ್ಕಿಯನ್ನೇ ಮೂರು ಹೊತ್ತು ಉಣ್ಣುವುದು, ಬೇಳೆಯೂ ಸೊಪ್ಪೂ ಕೈಗೆಟುಕದಿರುವುದು, ರಾತ್ರಿ ಪಾಳಿಯಲ್ಲಿ ನಿದ್ದೆಗೆಟ್ಟು ಟೀ ಬನ್ನಿನ ಮೇಲೆ ಹೊತ್ತು ತಳ್ಳುವುದು, ಇವೂ ಆ ರೋಗಕ್ಕೆ ದಾರಿ ಮಾಡುತ್ತವೆ. ಇದಕ್ಕೆ ಮದ್ದು ಸತ್ವವಿಲ್ಲದ ಶಾವಿಗೆಯಲ್ಲಿ ಇಲ್ಲ. ಕೂಲಿಯಲ್ಲಿದೆ, ಪಾಳಿಯ ಕ್ರಮದಲ್ಲಿದೆ, ಪಡಿತರದ ಚೀಲದಲ್ಲಿ ಏನು ಬರುತ್ತದೆ ಎಂಬುದರಲ್ಲಿದೆ. ತಿನ್ನುವವನ ನಾಲಿಗೆಗೆ ಬುದ್ಧಿ ಹೇಳುವುದು ಸುಲಭ. ತಟ್ಟೆಗೆ ಬೇಳೆ ಹಾಕುವುದು ಕಷ್ಟ. ಸುಲಭದ್ದನ್ನು ವ್ಯಾಪಾರಿಗಳು ಮಾಡುತ್ತಾರೆ. ಕಷ್ಟದ್ದನ್ನು ನಾವು ಕೇಳಿ ಪಡೆಯಬೇಕು.

ಸಣ್ಣ ವ್ಯಾಪಾರಿಗಳಿಗೆ ಒಂದು ಮಾತು

ಜಪಾನ್ ತನ್ನ ಕೊನ್ಯಾಕು ಬೆಳೆಗಾರನನ್ನು ಕಾಪಾಡಿಕೊಂಡ ರೀತಿಯನ್ನು ನಮ್ಮ ಅಂಗಡಿಕಾರ ಮಿತ್ರರು ಗಮನಿಸಬೇಕು. ನಿಗದಿಯಾದ ಪ್ರಮಾಣಕ್ಕೆ ಮೀರಿ ಹೊರದೇಶದಿಂದ ಬರುವ ಗೆಡ್ಡೆಯ ಮೇಲೆ ಆ ಸರ್ಕಾರ ಕಿಲೋಗೆ 2,796 ಯೆನ್ ಸುಂಕ ಹಾಕಿತು. ಒಂದು ಲೆಕ್ಕದಂತೆ ಅದು ಬೆಲೆಯ ಮೇಲೆ ಶೇಕಡ 1,700ಕ್ಕೂ ಹೆಚ್ಚಾಯಿತು. ಗುನ್ಮಾ ಜಿಲ್ಲೆಯಿಂದ ಹಲವರು ಪ್ರಧಾನಮಂತ್ರಿಗಳು ಬಂದಿದ್ದಾರೆ ಎಂಬುದನ್ನೂ ಇಲ್ಲಿ ನೆನೆಯಬಹುದು. ಬೆಲೆ ಏರಿಸುವ ಇಂಥ ಸುಂಕವೇ ಎಲ್ಲ ಕಡೆ ಸರಿ ಎಂದು ನಾವು ಹೇಳುವುದಿಲ್ಲ. ಅದರ ಹೊರೆ ಕೊಳ್ಳುವ ಬಡವನ ಮೇಲೂ ಬೀಳುತ್ತದೆ. ಆದರೆ ಒಂದು ಬೆಟ್ಟದ ಜಿಲ್ಲೆಯ ಗೆಡ್ಡೆಗೆ ಅಲ್ಲಿಯ ಪ್ರಭುತ್ವ ಅಷ್ಟು ಬೆನ್ನು ಕೊಟ್ಟಿತು ಎಂಬುದು ನಿಜ.

ನಮ್ಮ ಶಾವಿಗೆಗೆ ಯಾರು ಬೆನ್ನು ಕೊಟ್ಟರು? ಶಾವಿಗೆ ನಮಗೆ ಹೊರಗಿನಿಂದ ಕಲಿಯಬೇಕಾದ ವಿದ್ಯೆಯಲ್ಲ. ಹಳೆ ಮೈಸೂರಿನ ಕಡೆ ಅಕ್ಕಿ, ರಾಗಿಯ ಹಿಟ್ಟನ್ನು ಬೇಯಿಸಿ ಒರಳಿನಲ್ಲಿ ಒತ್ತುತ್ತಾರೆ. ಉತ್ತರದ ಜಿಲ್ಲೆಗಳಲ್ಲಿ ಗೋದಿಯ ಶಾವಿಗೆಯನ್ನು ಹೊಸೆದು ಕೋಲಿನ ಮೇಲೆ ಬಿಸಿಲಿಗೆ ಹಾಕುತ್ತಾರೆ. ಇದರಿಂದ ಎಷ್ಟೋ ಹೆಣ್ಣುಮಕ್ಕಳು ಸಂಸಾರ ಸಾಗಿಸಿದ್ದಾರೆ. ಆ ಶಾವಿಗೆಯನ್ನು ಮಾರಿದವನು ಬೀದಿಯ ಮೂಲೆಯ ಅಂಗಡಿಯವನು. ಇಂದು ದೊಡ್ಡ ಬಂಡವಾಳದವರು ಕೆಲವೇ ನಿಮಿಷಗಳಲ್ಲಿ ಮನೆ ಬಾಗಿಲಿಗೆ ಸಾಮಾನು ತಂದುಕೊಡುತ್ತೇವೆಂದು ಪಟ್ಟಣಗಳನ್ನು ಹಿಡಿಯುತ್ತಿದ್ದಾರೆ. ಅವರ ಪಟ್ಟಿಯಲ್ಲಿ ಶಿರಾತಾಕಿ ಇರುತ್ತದೆ. ನಮ್ಮ ಬೀದಿಯ ಹೆಂಗಸು ಒತ್ತಿದ ರಾಗಿಶಾವಿಗೆ ಇರುವುದಿಲ್ಲ. ಗಿರಾಕಿ ಹೋದ ಮೇಲೆ ಅಂಗಡಿಯವನೂ ಒತ್ತುವವಳೂ ಒಟ್ಟಿಗೇ ಹೋಗುತ್ತಾರೆ. ಸಾಲದ ಪುಸ್ತಕ ಇಟ್ಟು ಮುಷ್ಕರದ ದಿನಗಳಲ್ಲಿ ಕಾರ್ಮಿಕನಿಗೆ ಅಕ್ಕಿಬೇಳೆ ಕೊಟ್ಟವನು ಈ ಸಣ್ಣ ಅಂಗಡಿಯವನೇ ಎಂಬುದನ್ನು ಕಾರ್ಮಿಕರೂ ಮರೆಯಬಾರದು. ಇವರಿಬ್ಬರ ಹಿತ ಬೇರೆ ಬೇರೆಯಲ್ಲ.

ನಾವು ಕೇಳುವುದೇನು?

ಹೊಸ ಪದಾರ್ಥಗಳ ಮೇಲೆ ನಮಗೆ ಹಗೆಯಿಲ್ಲ. ಆಲೂಗೆಡ್ಡೆ, ಮೆಣಸಿನಕಾಯಿ, ಟೊಮ್ಯಾಟೊ ಎಲ್ಲವೂ ಕಡಲು ದಾಟಿ ಬಂದು ನಮ್ಮವಾದವು. ವೈದ್ಯರು ಹೇಳಿದರೆ ಶಿರಾತಾಕಿಯೂ ಬರಲಿ. ಪಥ್ಯದವರ ತಟ್ಟೆಯಲ್ಲಿ ಒಂದು ಮೂಲೆ ಅದಕ್ಕೆ ಇರಲಿ. ಆದರೆ ದುಡಿಯುವವನ ತಟ್ಟೆಯ ನಡುವಿನ ಜಾಗ ಅನ್ನ, ಮುದ್ದೆ, ರೊಟ್ಟಿ, ಬೇಳೆಗಳದು. ಆ ಜಾಗಕ್ಕಾಗಿ ನಾವು ನಾಲ್ಕು ಬೇಡಿಕೆಗಳನ್ನು ಮುಂದಿಡುತ್ತೇವೆ.

ಮೊದಲನೆಯದು, ಕನಿಷ್ಠ ಕೂಲಿಯ ಲೆಕ್ಕದಲ್ಲಿ 2,700 ಕ್ಯಾಲೊರಿಯೂ ಇರಬೇಕು, 3.6 ಘಟಕವೂ ಇರಬೇಕು, ಪ್ರೋಟೀನೂ ಇರಬೇಕು. ಒಂದನ್ನು ಕೊಟ್ಟು ಇನ್ನೊಂದನ್ನು ಕಿತ್ತುಕೊಳ್ಳುವ ವ್ಯವಹಾರ ಬೇಡ. ಎರಡನೆಯದು, ಪಡಿತರದಲ್ಲಿ ಅಕ್ಕಿಯೊಡನೆ ರಾಗಿ, ಜೋಳ, ಬೇಳೆ, ಎಣ್ಣೆ ಕ್ರಮವಾಗಿ ಬರಬೇಕು. ಮೂರನೆಯದು, ಪ್ರತಿ ಗಿರಣಿಯಲ್ಲೂ ವರ್ಷಕ್ಕೆ ಎರಡು ಸಲ ರಕ್ತದ ಸಕ್ಕರೆಯನ್ನು ಬಿಟ್ಟಿಯಾಗಿ ಪರೀಕ್ಷಿಸಬೇಕು; ಕಾಯಿಲೆ ಇದೆಯೆಂದು ತಿಳಿದವನನ್ನು ಕೆಲಸದಿಂದ ತೆಗೆಯದೆ ಅವನಿಗೆ ಹೊಂದುವ ಪಾಳಿ ಕೊಡಬೇಕು. ನಾಲ್ಕನೆಯದು ಕ್ಯಾಂಟೀನಿನ ಮಾತು. 1948ರ ಫ್ಯಾಕ್ಟರಿ ಕಾಯಿದೆ 250 ಮಂದಿಗೆ ಮೇಲ್ಪಟ್ಟು ಕೆಲಸಗಾರರಿರುವಲ್ಲಿ ಕ್ಯಾಂಟೀನಿಗೆ ದಾರಿ ಮಾಡಿತ್ತು. 2020ರ ಸಂಹಿತೆ ಆ ಸಂಖ್ಯೆಯನ್ನು 100 ಎಂದು ಬರೆದಿದೆ. ಬರೆದದ್ದು ನಡೆಯಬೇಕು. ಆ ಕ್ಯಾಂಟೀನುಗಳು ಶಾವಿಗೆಯನ್ನೂ ಹಪ್ಪಳವನ್ನೂ ಊರಿನ ಹೆಣ್ಣುಮಕ್ಕಳ ಸಂಘಗಳಿಂದ, ಊರಿನ ಅಂಗಡಿಗಳ ಮೂಲಕವೇ ಕೊಳ್ಳಬೇಕು.

ಪ್ರತಿ ಶಾಖೆಯೂ ತನ್ನ ಮುಂದಿನ ಸಭೆಯಲ್ಲಿ ಒಂದು ಕೆಲಸ ಮಾಡಲಿ. ಸದಸ್ಯರ ಮನೆಯಲ್ಲಿ ಒಂದು ವಾರ ಬೇಯಿಸಿದ್ದನ್ನು ತೂಕ ಮಾಡಿ ಬರೆದುಕೊಂಡು ಬರಲಿ: ಅಕ್ಕಿ ಎಷ್ಟು, ಬೇಳೆ ಎಷ್ಟು, ಎಣ್ಣೆ ಎಷ್ಟು, ಉಂಡವರು ಎಷ್ಟು ಜನ. ಓದು ಬಂದ ಮಕ್ಕಳು ಕೂಡಿಸಿ ಹೇಳುತ್ತಾರೆ. ಆ ಅಂಕಿಯನ್ನು 2,700ರ ಪಕ್ಕದಲ್ಲಿಟ್ಟು ನೋಡಿ. ಕಡಿಮೆ ಬಿದ್ದದ್ದು ಎಷ್ಟೋ, ಅಷ್ಟು ನಮ್ಮ ಕೂಲಿಯಲ್ಲಿ ಬಾಕಿ. ಕೂಲಿಯ ಮಾತುಕತೆಗೆ ಹೋಗುವ ನಮ್ಮ ಪ್ರತಿನಿಧಿಗಳ ಕೈಯಲ್ಲಿ ಆ ಕಾಗದ ಇರಲಿ.